ಬೀಗಿತ್ತಿಯರ ನಡುವೆ ಒಂದು ಬಟ್ಟಲು ಹಿತಕಿದ ಬೇಳೆ ಸಾರು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವ ಗಾದೆ ಕಟ್ಟಿದವರು ವಕೀಲರ ಸಹವಾಸ ಮಾಡಿದವರಲ್ಲ. ಮಾತು ನನ್ನ ಕಸುಬು, ಜಗಳ ನನ್ನ ಅನ್ನ. ಮೈಸೂರಿನ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ನಿಂತರೆ ಎದುರು ಪಾರ್ಟಿಯ ಸಾಕ್ಷಿಗೆ ಬೆವರಿಳಿಸದೆ ಬಿಟ್ಟವಳಲ್ಲ ನಾನು. ಅಂಥವಳು ಮಗಳನ್ನು ಹೆತ್ತು ತೌರಿಗೆ ಬಂದ ಮೇಲೆ, ಒಂದು ಸೌಟು ಆಲೂಗಡ್ಡೆ ಪಲ್ಯ ಬೇಕು ಅಂತ ಕೇಳಿ ಪಡೆಯಲಾರದೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ಈಗ ನೆನೆದರೆ ನಗು ಬರುತ್ತದೆ. ಆಗ ಮೈಯೆಲ್ಲ ಉರಿಯುತ್ತಿತ್ತು.

ನಾನೂ ನನ್ನ ಗಂಡನೂ ಇರುವುದು ವಿಜಯನಗರದ ಬಾಡಿಗೆ ಮನೆಯಲ್ಲಿ. ಅತ್ತೆ ಒಂಟಿಕೊಪ್ಪಲಿನಲ್ಲಿ ದೊಡ್ಡ ಮಗನ ಜೊತೆ ಇದ್ದಾರೆ. ಚೊಚ್ಚಲ ಬಾಣಂತನ ತೌರಿನಲ್ಲೇ ಆಗಬೇಕಲ್ಲ, ಹಾಗಾಗಿ ಆಸ್ಪತ್ರೆಯಿಂದ ನೇರ ಕೃಷ್ಣಮೂರ್ತಿಪುರಂಗೆ, ಅಪ್ಪ ಅಮ್ಮನ ಮನೆಗೆ ಬಂದೆ. ನಡುಮನೆಯ ಪಕ್ಕದ ಕೋಣೆಯನ್ನು ಬಾಣಂತಿ ಕೋಣೆ ಮಾಡಿದ್ದರು. ಕಿಟಕಿಗೆ ದಪ್ಪ ಪರದೆ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಬೆಳಿಗ್ಗೆ ಎಣ್ಣೆ ನೀರು, ಸಂಜೆ ಸಾಂಬ್ರಾಣಿ ಹೊಗೆ. ಇದಕ್ಕೆಲ್ಲ ನನ್ನ ತಕರಾರು ಇರಲಿಲ್ಲ. ನಿಜ ಹೇಳಬೇಕೆಂದರೆ ಮೊದಮೊದಲು ಸುಖವಾಗಿಯೇ ಇತ್ತು. ಬಿಸಿ ಅನ್ನಕ್ಕೆ ಮೆಣಸಿನ ಸಾರು, ಮೇಲೆ ಕರಗುವ ತುಪ್ಪ, ಬೆಳ್ಳುಳ್ಳಿ ಹಾಕಿದ ಸಬ್ಬಸಿಗೆ ಸೊಪ್ಪಿನ ಪಲ್ಯ, ನಾಲ್ಕು ಗಂಟೆಗೆ ಅಂಟಿನುಂಡೆ. ಮಹಾರಾಣಿಯ ಹಾಗೆ ತಿಂದುಕೊಂಡಿದ್ದೆ.

ಒಂದು ಸಂಜೆ ಮಗಳು ಅತ್ತಳು. ಮಕ್ಕಳು ಅಳುವುದೇನು ಹೊಸದೇ? ಆದರೆ ಅದೇ ಹೊತ್ತಿಗೆ ಮಗು ನೋಡಲು ಎದುರುಮನೆಯ ಆಂಟಿ ಬಂದಿದ್ದರು. ಬಾಗಿಲಲ್ಲೇ ನಿಂತು ತಲೆ ವಾರೆ ಮಾಡಿ ಕೇಳಿದರು.

“ಮಧ್ಯಾಹ್ನ ಏನ್ ತಿಂದಿದ್ದೆ?”

ಎಲ್ಲ ಶುರುವಾದದ್ದು ಆ ಒಂದು ಪ್ರಶ್ನೆಯಿಂದ. ನಾನು ಪಾಪದವಳ ಹಾಗೆ “ಆಲೂಗಡ್ಡೆ ಪಲ್ಯ” ಅಂದೆ.

“ಅದೇ ಮತ್ತೆ! ವಾಯು ಕಣಮ್ಮ. ನೀನು ತಿಂದಿದ್ದು ಹಾಲಲ್ಲಿ ಇಳಿದು ಕೂಸಿಗೆ ಹೊಟ್ಟೆ ಹಿಡ್ಕೊಂಡಿದೆ.”

ಕೋರ್ಟಿನಲ್ಲಿ ಜೇಬುಗಳ್ಳನ ಮೇಲೂ ಚಾರ್ಜ್‌ಶೀಟು ಹಾಕುತ್ತಾರೆ, ಅವನ ಪರವಾಗಿ ಒಬ್ಬ ವಕೀಲನನ್ನು ಕೊಡುತ್ತಾರೆ. ಆಲೂಗಡ್ಡೆಗೆ ಅದೂ ಸಿಗಲಿಲ್ಲ. ಅವತ್ತೇ ಶಿಕ್ಷೆಯಾಯಿತು. ಅಲ್ಲಿಂದ ಮುಂದೆ ಮಗು ಅತ್ತಾಗಲೆಲ್ಲ ನನ್ನ ತಟ್ಟೆಯ ವಿಚಾರಣೆ. ಸೀನಿದರೆ ಮೊಸರು ಕಾರಣ. ಮೈಮೇಲೆ ಎರಡು ಗುಳ್ಳೆ ಎದ್ದರೆ ಬದನೆಕಾಯಿ ನಂಜು. ಹಸಿರು ಕಕ್ಕ ಮಾಡಿದರೆ ಸೊಪ್ಪು. ಮಾಡದಿದ್ದರೆ ಬಾಳೆಹಣ್ಣು. ಟೊಮೊಟೊ ಹುಳಿ ಅಂತ ಹೋಯಿತು, ಸೌತೆಕಾಯಿ ತಂಪು ಅಂತ ಹೋಯಿತು, ತೊಗರಿಬೇಳೆ ಗ್ಯಾಸು ಅಂತ ಹೋಯಿತು. ರಾಗಿಯ ವಿಷಯದಲ್ಲಂತೂ ಬೀದಿಯೇ ಎರಡು ಪಕ್ಷವಾಗಿತ್ತು. ಒಬ್ಬರು ರಾಗಿ ಶಕ್ತಿ ಅನ್ನುತ್ತಿದ್ದರು, ಇನ್ನೊಬ್ಬರು ರಾಗಿ ಶೀತ ಅನ್ನುತ್ತಿದ್ದರು. ತೀರ್ಮಾನ ಆಗುವವರೆಗೆ ರಾಗಿಯನ್ನೂ ಕೊಡುವುದು ಬೇಡ ಅಂತಾಯಿತು. ಕೊನೆಗೆ ನೀರಿಗೂ ಕೈ ಹಾಕಿದರು. ಬಾಣಂತಿ ನೀರು ಕುಡಿದರೆ ಹೊಟ್ಟೆ ದಪ್ಪ ಆಗುತ್ತದಂತೆ. ಒಂದು ಪುಟ್ಟ ಲೋಟದಲ್ಲಿ ಕಾಯಿಸಿದ ಜೀರಿಗೆ ನೀರು, ಅದೂ ಕೇಳಿದಾಗ ಮಾತ್ರ.

ಇದು ಹಳೆ ಕಾಲದವರ ಕಾಟವಾದರೆ ಹೊಸ ಕಾಲದ ಕಾಟ ಫೋನಿನಲ್ಲಿತ್ತು. ನನ್ನ ಗಂಡ ಒಳ್ಳೆಯವನು. ಒಳ್ಳೆಯವನಾದ್ದರಿಂದಲೇ ರಾತ್ರಿ ಹಗಲು ವಿಡಿಯೋ ನೋಡಿ ನನಗೆ ಕಳಿಸುತ್ತಿದ್ದ. ದ್ರಾಕ್ಷಿಗೆ ಔಷಧಿ ಹೊಡೆದಿರುತ್ತಾರೆ, ಸೇಬಿಗೆ ಮೇಣ ಬಳಿದಿರುತ್ತಾರೆ, ಹೂಕೋಸಿನಲ್ಲಿ ಕಣ್ಣಿಗೆ ಕಾಣದ ಹುಳ, ಬೆಲ್ಲಕ್ಕೆ ಬಣ್ಣ, ಪ್ಯಾಕೆಟ್ ಹಾಲಿನಲ್ಲಿ ಏನೇನೋ. ಬಿಳಿಕೋಟು ಹಾಕಿದ ಒಬ್ಬ ಬಂದು ತಾಯಂದಿರು ತುಪ್ಪ ತಿನ್ನಲೇಬೇಕು ಅಂತ ಹೇಳಿದ. ಅದರ ಹಿಂದೆಯೇ ಇನ್ನೊಬ್ಬ ಬಿಳಿಕೋಟು ತುಪ್ಪ ಮುಟ್ಟಲೇಬೇಡಿ ಅಂದ. ಇಬ್ಬರೂ ಕೊನೆಗೆ ಎಲ್ಲರಿಗೂ ಶೇರ್ ಮಾಡಿ ಅಂತಲೇ ಮುಗಿಸಿದರು. ಅಪ್ಪನೂ ಸುಮ್ಮನಿರಲಿಲ್ಲ. ತಂದ ತರಕಾರಿಯನ್ನೆಲ್ಲ ಉಪ್ಪು ಅರಿಶಿನದ ನೀರಿನಲ್ಲಿ ಮುಳುಗಿಸಿ ಗಡಿಯಾರ ನೋಡುತ್ತಾ ಕೂರುತ್ತಿದ್ದರು. ತೊಳೆದು ತೊಳೆದು ಇಟ್ಟ ಆ ತರಕಾರಿಯನ್ನು ಉಳಿದವರೆಲ್ಲ ತಿನ್ನುತ್ತಿದ್ದರು. ನನಗೆ ಮೆಣಸಿನ ಸಾರು ಅನ್ನ ಬರುತ್ತಿತ್ತು.

ಮತ್ತೆ ಮೆಣಸಿನ ಸಾರು. ಮತ್ತೆ ಅನ್ನ. ಮತ್ತೆ ಎರಡು ಎಸಳು ಬೆಳ್ಳುಳ್ಳಿ. ಮೊದಲ ದಿನ ಅಮೃತ ಅನ್ನಿಸಿದ್ದು ಈಗ ವಾಸನೆಗೇ ಹೊಟ್ಟೆ ತೊಳಸುವಂತಾಗಿತ್ತು. ಅರ್ಧ ತಿಂದು ಸಾಕು ಅನ್ನುತ್ತಿದ್ದೆ. ಹೊಟ್ಟೆ ಮಾತ್ರ ಕುಯ್ಯೋ ಮರ್ರೋ ಅನ್ನುತ್ತಿತ್ತು.

ಇದರಲ್ಲಿ ಅಮ್ಮನ ಕಷ್ಟವೂ ಒಂದಿತ್ತು. ಅಮ್ಮನಿಗೆ ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಅಂದರೆ ಬೀಗರ ಭಯ. ಆಂಟಿ ಬಂದ ಆ ದಿನವೇ ಮಧ್ಯಾಹ್ನ ಅತ್ತೆ ಮೊದಲ ಸಲ ಮಗುವನ್ನು ನೋಡಲು ಮನೆಗೆ ಬಂದಾಗ ನನ್ನ ತಟ್ಟೆಯಲ್ಲಿ ಆಲೂಗಡ್ಡೆ ಇತ್ತು. ಅತ್ತೆ ಅದನ್ನು ನೋಡಿ, “ನಮ್ಮನೇಲಿ ಆಲೂಗಡ್ಡೆ ಕೊಡ್ತಿರಲಿಲ್ಲ. ಇರ್ಲಿ ಬಿಡಿ, ನಿಮ್ಮ ಪದ್ಧತಿ ಹೆಂಗೋ ಹಂಗೆ ಮಾಡಿ” ಅಂದರು, ಅಷ್ಟೇ. ನಗುತ್ತಲೇ ಅಂದರು. ಆದರೆ ಅಮ್ಮನ ಮುಖ ಸಣ್ಣಗಾಯಿತು. ಬೀಗಿತ್ತಿಯ ಬಾಯಿಂದ ಬಂದ ಆ ಮಾತು ಅಮ್ಮನಿಗೆ ಹೈಕೋರ್ಟಿನ ತಡೆಯಾಜ್ಞೆಯಾಯಿತು. ಆಂಟಿ ಬಂದು ವಾಯು ಅಂದದ್ದು ಅದಕ್ಕೆ ಒಗ್ಗರಣೆ ಹಾಕಿದಂತಾಯಿತು. ಆಮೇಲೆ ಅಮ್ಮ ಪ್ರತಿ ತರಕಾರಿ ಹೆಚ್ಚುವ ಮುಂಚೆಯೂ “ನಿಮ್ಮತ್ತೆ ಏನಂತಾರೋ” ಅನ್ನುತ್ತಿದ್ದಳು. ಏನಂತಾರೋ ಗೊತ್ತಿಲ್ಲದ್ದನ್ನೆಲ್ಲ ಮಾಡದೆ ಬಿಡುತ್ತಿದ್ದಳು.

ಹೀಗಿರುವಾಗ ಮಗುವಿಗೆ ಚುಚ್ಚುಮದ್ದು ಹಾಕಿಸಲು ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ನನ್ನ ಅಮ್ಮನ ವಯಸ್ಸಿನವರು, ಮೆತ್ತಗಿನ ಮಾತು. ಮಗಳನ್ನು ತೂಕದ ತಟ್ಟೆಯಲ್ಲಿ ಮಲಗಿಸಿದರು. ಎತ್ತಿ ಇನ್ನೊಮ್ಮೆ ಮಲಗಿಸಿದರು. ಆ ಎರಡನೇ ಸಲ ಮಲಗಿಸಿದಾಗಲೇ ಏನೋ ಸರಿಯಿಲ್ಲ ಅಂತ ನನಗೆ ಗೊತ್ತಾಯಿತು.

“ಏರಬೇಕಾದಷ್ಟು ತೂಕ ಏರಿಲ್ಲ,” ಅಂದರು. “ಹಾಲು ಸಾಲ್ತಿದೆಯಾ? ನೀವು ಏನು ಊಟ ಮಾಡ್ತಿದ್ದೀರಿ?”

ಹೇಳಿದೆ. ಹೇಳಲು ಬಹಳ ಹೊತ್ತೇನೂ ಬೇಕಾಗಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು.

“ನೋಡಮ್ಮ, ಮನೇಲಿ ಎಲ್ರೂ ತಿನ್ನೋದನ್ನ ನೀನೂ ತಿನ್ನು. ಹೊಟ್ಟೆ ತುಂಬ ತಿನ್ನು. ಬಾಯಾರಿದಾಗೆಲ್ಲ ನೀರು ಕುಡಿ. ಮುಂದಿನ ಸಲ ಬಂದಾಗ್ಲೂ ತೂಕ ಹಿಂಗೇ ಇದ್ರೆ ಮೇಲಿನ ಹಾಲು ಶುರು ಮಾಡೋಣ, ಅದ್ರಲ್ಲಿ ತಪ್ಪೇನಿಲ್ಲ. ಆದ್ರೆ ಮೊದಲು ತಾಯಿ ಊಟ ಮಾಡ್ಲಿ.”

ಅಮ್ಮ ಪಕ್ಕದಲ್ಲೇ ಕೂತು ಹೂಂಗುಟ್ಟಿದಳು. ಆಟೋ ಹತ್ತಿದ ಮೇಲೆ ಮೆಲ್ಲಗೆ ರಾಗ ತೆಗೆದಳು. “ಡಾಕ್ಟ್ರು ಏನೋ ಹೇಳ್ತಾರೆ ಕಣೆ. ನಾಳೆ ಮಗೀಗೆ ಏನಾದ್ರೂ ಆಗ್ಬುಟ್ರೆ? ತೌರುಮನೇಲಿ ಸಿಕ್ಕಿದ್ದೆಲ್ಲ ತಿನ್ನಿಸಿದ್ರು ಅಂತ ನಿಮ್ಮತ್ತೆ ಮನೇವ್ರು ಅನ್ನಲ್ವಾ?”

ಮನೆಗೆ ಬಂದು ಮಗಳನ್ನು ಎದೆಗೆ ಹಾಕಿಕೊಂಡೆ. ಅವಳು ಜೋರಾಗಿ ಎಳೆದಳು, ಸ್ವಲ್ಪ ಹೊತ್ತಿಗೆ ಬಿಟ್ಟಳು, ಸಿಟ್ಟಿನಿಂದ ಮುಷ್ಟಿ ಬಿಗಿದು ಕಿರುಚಿದಳು, ಮತ್ತೆ ಬಾಯಿ ಹಾಕಿದಳು, ಮತ್ತೆ ಬಿಟ್ಟಳು. ಅವಳಿಗೆ ವಾಯುವೂ ಇರಲಿಲ್ಲ, ನಂಜೂ ಇರಲಿಲ್ಲ. ಹಸಿವಾಗಿತ್ತು. ನನಗೂ ಹಸಿವಾಗಿತ್ತು. ಮೇಲಿನ ಹಾಲಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ನನ್ನ ಗೆಳತಿಯರ ಮಕ್ಕಳು ಅದನ್ನೇ ಕುಡಿದು ಗುಂಡುಗುಂಡಾಗಿವೆ. ಆದರೆ ಅನ್ನ ತರಕಾರಿ ತುಂಬಿದ ಮನೆಯಲ್ಲಿ ನಾನು ಖಾಲಿ ಹೊಟ್ಟೆಯಲ್ಲಿರುವುದಕ್ಕೆ ನನ್ನ ಮಗಳು ಸೊರಗಬೇಕೇ? ಅವತ್ತು ಮಧ್ಯಾಹ್ನ ಅವಳ ಜೊತೆ ನಾನೂ ಜೋರಾಗಿಯೇ ಅತ್ತೆ.

ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ತಲೆ ಚೆನ್ನಾಗಿ ಓಡುತ್ತದೆ. ಅಮ್ಮನನ್ನು ಕರೆದು ಕೂರಿಸಿಕೊಂಡೆ.

“ನೇರವಾಗಿ ಹೇಳಮ್ಮ. ಇದು ತಿನ್ಬಾರ್ದು ಅದು ತಿನ್ಬಾರ್ದು ಅನ್ನೋದರಲ್ಲಿ ನಿನಗೆ ನಂಬಿಕೆ ಇದೆಯಾ?”

“ನಂಗೆಲ್ಲೀದು? ನಾನು ನಿನ್ನ ಹೆತ್ತಾಗ ನಮ್ಮಮ್ಮ ಎಲ್ಲಾ ಕೊಟ್ಟಿದ್ಳು. ಆದ್ರೆ ನಿಮ್ಮತ್ತೆ ಮನೇಲಿ ಪಥ್ಯ ಬಲು ಬಿಗಿ ಕಣೆ. ಅವ್ರ ಮಾತು ಮೀರಕ್ಕಾಗುತ್ತಾ?”

ಗಂಡನಿಗೆ ಫೋನ್ ಮಾಡಿ, ನಿಮ್ಮಮ್ಮ ನನ್ನ ಊಟದ ಬಗ್ಗೆ ಏನಂತಾರೆ ಕೇಳು ಅಂದೆ. ಅವನು ಕೇಳಿ ವಾಪಸ್ಸು ಮಾಡಿದ. “ಅಮ್ಮಂದು ಏನೂ ಇಲ್ಲ ಕಣೆ. ನಿಮ್ಮಮ್ಮನ ಮನೇಲಿ ಪಥ್ಯ ಬಹಳ ಬಿಗಿಯಂತೆ, ಬಾಣಂತನ ಮಾಡೋರು ಅವರು, ಮಧ್ಯೆ ಬಾಯಿ ಹಾಕಿದ್ರೆ ಮರ್ಯಾದೆ ಅಲ್ಲ ಅಂದ್ಳು. ಕೊಬ್ಬರಿ ಚಟ್ನಿಪುಡಿ ಮಾಡಿಟ್ಟಿದ್ದಳಂತೆ, ನಿಮ್ಮನೇಲಿ ತೆಂಗಿನಕಾಯಿ ಕೊಡಲ್ಲ ಅಂತ ಕೇಳಿ ಕಳಿಸದೆ ಬಿಟ್ಟಳಂತೆ.”

ನಾನು ಫೋನನ್ನು ಹಾಸಿಗೆಯ ಮೇಲೆ ಎಸೆದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿ ಜಗಳವೂ ಇರಲಿಲ್ಲ! ಬರೀ ಮರ್ಯಾದೆ. ಒಂಟಿಕೊಪ್ಪಲಿನವರು ಕೃಷ್ಣಮೂರ್ತಿಪುರಂನವರಿಗೆ ಮರ್ಯಾದೆ ಕೊಡುತ್ತಿದ್ದರು, ಕೃಷ್ಣಮೂರ್ತಿಪುರಂನವರು ಒಂಟಿಕೊಪ್ಪಲಿನವರಿಗೆ. ನನ್ನ ಕೂಸು ನಿಜವಾಗಿಯೇ ಬಡವಾಗುತ್ತಿತ್ತು.

ಅಮ್ಮನಿಗೆ ಹೇಳಿದೆ. ಅವಳು ನಂಬಲಿಲ್ಲ. “ಅದು ದೊಡ್ಡೋರ ಬಾಯ್ಮಾತು ಕಣೆ. ಹಂಗಂತಾರೆ, ಮನಸ್ಸಲ್ಲಿ ಬೇರೆ ಇರುತ್ತೆ” ಅಂದಳು. ಅತ್ತೆಗೆ ನಾನೇ ಫೋನ್ ಮಾಡಿದೆ. “ನೀನು ತೌರಿನ ಮೇಲೆ ನನ್ನ ಹತ್ರ ದೂರು ಹೇಳಬಾರ್ದು ಕಣಮ್ಮ. ಪಾಪ, ನಿಮ್ಮಮ್ಮ ಎಷ್ಟು ಕಷ್ಟ ಪಡ್ತಿದ್ದಾರೆ” ಅಂತ ನನಗೇ ಬುದ್ಧಿ ಹೇಳಿದರು. ಬೇರೆ ಬೇರೆ ಕೇಳಿದರೆ ಇಬ್ಬರು ಸಾಕ್ಷಿಗಳೂ ಬಗ್ಗುವವರಲ್ಲ ಅನ್ನುವುದು ಖಾತ್ರಿಯಾಯಿತು. ಇಬ್ಬರನ್ನೂ ಒಂದೇ ಕೋರ್ಟಿಗೆ ತರಬೇಕಿತ್ತು.

ಅದಕ್ಕೆ ಅವರೆಕಾಯಿ ಸಹಾಯ ಮಾಡಿತು.

ಚಳಿ ಬಿದ್ದು ಮೈಸೂರಿನ ಮೂಲೆ ಮೂಲೆಯಲ್ಲೂ ತಳ್ಳುಗಾಡಿಯ ಮೇಲೆ ಅವರೆಕಾಯಿ ರಾಶಿ ಬಿದ್ದಿತ್ತು. ಬೀದಿಗೆ ಗಾಡಿ ಬಂದರೆ ಪರದೆ ಹಾಕಿದ ನನ್ನ ಕೋಣೆಗೂ ಸೊಗಡು ಬರುತ್ತಿತ್ತು. ಅಮ್ಮ ಅತ್ತೆಯನ್ನು ಊಟಕ್ಕೆ ಕರೆದಿದ್ದಳು. ಅವರೆಕಾಲದಲ್ಲಿ ಬೀಗರು ಊಟಕ್ಕೆ ಬಂದರೆ ಹಿತಕಿದ ಬೇಳೆ ಸಾರು ಮಾಡದೆ ಇರುವುದುಂಟೇ? ಹಿಂದಿನ ದಿನ ಅಪ್ಪ ಚೀಲ ತುಂಬ ಅವರೆಕಾಯಿ ಹೊತ್ತು ತಂದರು. ಸುಲಿದರು, ಕಾಳು ನೆನೆಸಿದರು, ಸಂಜೆ ಟಿವಿ ಹಚ್ಚಿಕೊಂಡು ಇಬ್ಬರೂ ಹಿತುಕಲು ಕೂತರು. ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ. ನಾನು ಚಿಕ್ಕವಳಿದ್ದಾಗಿನಿಂದ ಆ ಕೆಲಸ ನನ್ನದು. ಈಗ ಬಾಣಂತಿ ತಣ್ಣೀರಿನಲ್ಲಿ ಕೈ ಹಾಕಬಾರದು ಅಂತ ನನ್ನನ್ನು ಹೊರಗೇ ಬಿಡಲಿಲ್ಲ. ತಿನ್ನುವುದಂತೂ ದೂರ ಉಳಿಯಿತು. ಅವರೆಗಿಂತ ದೊಡ್ಡ ವಾಯು ಪ್ರಪಂಚದಲ್ಲೇ ಇಲ್ಲವಂತೆ.

ಮಾರನೆಯ ದಿನ ಬೆಳಿಗ್ಗೆ ಹುರಿದ ಮಸಾಲೆ ರುಬ್ಬಿದ ಘಮ ಬಂತು. ಆಮೇಲೆ ಬೇಳೆ ಕುದಿಯುವ ವಾಸನೆ. ಆಮೇಲೆ ಒಗ್ಗರಣೆ ಚೊಂಯ್ ಅಂದಿತು. ನನ್ನ ಬಾಯಲ್ಲಿ ನೀರೂರಿ ಕಣ್ಣಲ್ಲೂ ನೀರು ಬಂತು. ಅತ್ತೆ ಬಂದರು, ಹಣೆ ತುಂಬ ವಿಭೂತಿ, ಮಗುವಿಗೆ ಹೊಸ ಕುಲಾವಿ. ಮಗಳನ್ನು ಎತ್ತಿಕೊಂಡು ಕೈಯಲ್ಲೇ ತೂಗಿ ನೋಡಿದರು. “ಸ್ವಲ್ಪ ಇಳಿದಿದಾಳೆ ಅಲ್ವಾ?” ಅಂತ ಬಹಳ ಸಣ್ಣ ದನಿಯಲ್ಲಿ ಅಂದು, ಅಮ್ಮನ ಕಡೆ ನೋಡಿ, “ಇಲ್ಲ ಇಲ್ಲ, ಉದ್ದ ಆಗಿದಾಳೆ, ಅದಕ್ಕೆ ಹಂಗೆ ಕಾಣುತ್ತೆ” ಅಂತ ತಿದ್ದಿಕೊಂಡರು. ಮರ್ಯಾದೆ! ನಾನು ಹಲ್ಲು ಕಚ್ಚಿಕೊಂಡೆ.

ಅವರೆಲ್ಲ ಊಟಕ್ಕೆ ಕೂತರು. ನನ್ನ ತಟ್ಟೆ ಎಂದಿನಂತೆ ಕೋಣೆಗೆ ಬಂತು. ಮೆಣಸಿನ ಸಾರು. ಅನ್ನ. ಬೆಳ್ಳುಳ್ಳಿ. ನಾನು ಎದ್ದೆ. ಸ್ಕಾರ್ಫು ಬಿಚ್ಚಿ ಎಸೆದೆ, ಕಿವಿಯ ಹತ್ತಿ ತೆಗೆದೆ. ಮಗಳನ್ನು ಅಪ್ಪನ ಮಡಿಲಿಗೆ ಹಾಕಿ, ಅಡುಗೆಮನೆಯಿಂದ ಒಂದು ಖಾಲಿ ಬಟ್ಟಲು ತಂದು, ಊಟದ ಮೇಜಿನಲ್ಲಿ ಅತ್ತೆಯ ಎದುರಿಗೇ ಕೂತೆ. ಬಿಸಿ ಮುದ್ದೆಯ ಪಕ್ಕ ಹಿತಕಿದ ಬೇಳೆ ಸಾರು ಹೊಗೆಯಾಡುತ್ತಿತ್ತು.

“ಅಯ್ಯೋ, ನೀನ್ಯಾಕೆ ಎದ್ದು ಬಂದೆ, ಗಾಳಿ ಹೊಡೆಯುತ್ತೆ,” ಅಂದಳು ಅಮ್ಮ, ಕೈಯಲ್ಲಿ ಸೌಟು ಹಿಡಿದು ನಿಂತಲ್ಲೇ.

“ನಂಗೂ ಸಾರು ಬೇಕು.”

ಅಮ್ಮ ಅತ್ತೆಯ ಮುಖ ನೋಡಿದಳು. ಅತ್ತೆ ಅಮ್ಮನ ಮುಖ ನೋಡಿದರು. ಬೇಕೋ ಬೇಡವೋ ಅವರು ಹೇಳಲಿ ಅಂತ ಇವರು, ಇವರು ಹೇಳಲಿ ಅಂತ ಅವರು.

“ನೀವು ಹೆಂಗೆ ಹೇಳ್ತೀರೋ ಹಂಗೆ, ಬೀಗ್ರೇ,” ಅಂದಳು ಅಮ್ಮ.

“ನಂದೇನಿದೆ, ನಿಮ್ಮ ಮನೆ, ನಿಮ್ಮ ಪದ್ಧತಿ,” ಅಂದರು ಅತ್ತೆ.

“ಸರಿ ಹಾಗಾದರೆ,” ಅಂದೆ. “ಒಂದೆರಡು ಪ್ರಶ್ನೆ ಕೇಳ್ತೀನಿ. ಇಬ್ಬರೂ ನಿಜ ಹೇಳ್ಬೇಕು. ಅಮ್ಮ, ಅವರೆಕಾಯಿ ಬಾಣಂತಿಗೆ ಆಗಲ್ಲ ಅಂತ ಯಾರು ಹೇಳಿದ್ದು?”

“ಹಂಗಂತಾರಪ್ಪ…”

“ಅಂತಾರೆ ಅನ್ನೋದು ಸಾಕ್ಷಿ ಅಲ್ಲ. ಯಾರಂತಾರೆ?”

ಅಮ್ಮನ ಕಣ್ಣು ತಾನಾಗಿಯೇ ಅತ್ತೆಯ ಕಡೆ ಹೋಯಿತು. ಅತ್ತೆ ಮುರಿದ ಮುದ್ದೆಯನ್ನು ತಟ್ಟೆಗೇ ಹಾಕಿದರು.

“ಅಯ್ಯೋ ಶಿವನೇ, ನಾನೆಲ್ಲಿ ಹಂಗಂದೆ? ನೀವು ಬಿಗಿಯಾಗಿ ಪಥ್ಯ ಮಾಡಿಸ್ತೀರಿ ಅಂತ ನಾನೇ ಬಾಯಿ ಮುಚ್ಕೊಂಡಿದ್ದೆ!”

“ನೀವು ಆಲೂಗಡ್ಡೆ ಕೊಡಲ್ಲ ಅಂದ್ರಲ್ಲ, ಬೀಗ್ರೇ,” ಅಂತ ಅಮ್ಮ ಗೊಣಗಿದಳು.

“ಬಾಣಂತೀಗೆ ಅಂತ ನಾನೆಲ್ಲಂದೆ? ನಮ್ಮನೇಲಿ ಯಾರಿಗೂ ಕೊಡ್ತಿರಲಿಲ್ಲ! ನಮ್ಮ ಯಜಮಾನ್ರಿಗೆ ಆಲೂಗಡ್ಡೆ ಕಂಡ್ರೆ ಆಗ್ತಿರಲಿಲ್ಲ. ಅವ್ರು ಹೋಗೋ ತನಕ ಮನೆ ಒಳಕ್ಕೇ ತಂದಿಲ್ಲ ನಾನು!”

ಅಪ್ಪ ಮಗುವನ್ನು ಹಿಡಿದುಕೊಂಡೇ ಖೊಳ್ಳೆಂದು ನಕ್ಕುಬಿಟ್ಟರು. ನನಗೆ ನಗುವುದಕ್ಕೂ ಆಗಲಿಲ್ಲ. ತೀರಿಹೋದ ನನ್ನ ಮಾವನಿಗೆ ಆಲೂಗಡ್ಡೆ ಸೇರುತ್ತಿರಲಿಲ್ಲ ಅನ್ನುವ ಕಾರಣಕ್ಕೆ ನಾನು ಇಷ್ಟು ದಿನ ಪಲ್ಯಕ್ಕೆ ಬಾಯಿ ಬಿಟ್ಟುಕೊಂಡು ಬಿದ್ದಿದ್ದೆ.

“ತೆಂಗಿನಕಾಯಿ?” ಅಂತ ಅಮ್ಮನ ಕಡೆ ತಿರುಗಿದೆ. “ಅದು ಅತ್ತೆ ಹೇಳಿದ್ದಲ್ಲವಲ್ಲ.”

“ಅದು… ಆವಾಗ ನಂಗೆ ಕೆಮ್ಮಿತ್ತಲ್ಲ ಕಣೆ. ಅದಕ್ಕೆ ಎಲ್ರಿಗೂ ಕಾಯಿ ಹಾಕ್ದೆ ಮಾಡ್ಬುಟ್ಟೆ. ಬೀಗ್ರು ಕೇಳಿದಾಗ ಹಾಕಲ್ಲ ಅಂತ ಅಂದಿದ್ದೆ.”

“ಮೊಸರು? ನೀವು ನಿಮ್ಮ ಬಾಣಂತನದಲ್ಲಿ ಮೊಸರು ತಿಂದಿದ್ದಿರಾ, ಇಲ್ಲವಾ, ಅತ್ತೆ?”

“ಮೊಸರು ಕೊಟ್ಟಿದ್ರೆ ತಾನೇ ತಿನ್ನೋದು,” ಅಂದರು ಅತ್ತೆ. ಆ ಮಾತು ಹೇಳುವಾಗ ಅವರ ದನಿ ಬದಲಾಗಿತ್ತು. ನಾನು ಮುಂದಿನ ಪ್ರಶ್ನೆ ಕೇಳಲಿಲ್ಲ. ಕಟಕಟೆಯಲ್ಲಿ ನಿಂತವರು ತಾವಾಗಿ ಮಾತಾಡಲು ಶುರು ಮಾಡಿದರೆ ವಕೀಲ ಬಾಯಿ ಮುಚ್ಚಿಕೊಂಡಿರಬೇಕು.

ಅತ್ತೆ ತಟ್ಟೆಯನ್ನೇ ನೋಡುತ್ತಾ ಹೇಳಿದರು. “ನಂಗೆ ಅಮ್ಮ ಇರಲಿಲ್ಲ ಕಣಮ್ಮ. ಮದುವೆಗೆ ಮುಂಚೇನೇ ಹೋಗ್ಬಿಟ್ಟಿದ್ಳು. ಬಾಣಂತನ ಎಲ್ಲ ಗಂಡನ ಮನೇಲೇ ಆಯ್ತು. ಆವಾಗ್ಲೂ ಹಿಂಗೇ ಅವರೆಕಾಲ. ದಿನಾ ಬೆಳಗಾದ್ರೆ ಮನೆ ತುಂಬ ಹಿತಕಿದ ಬೇಳೆ ವಾಸನೆ. ನಾನು ಕೋಣೇಲಿ ಮಲಗಿರ್ತಿದ್ದೆ. ಒಂದೇ ಒಂದು ಬಟ್ಲು ಕೊಡಿ ಅಂತ ಕೇಳಕ್ಕೆ ಬಾಯಿ ಬರ್ಲಿಲ್ಲ. ಕೇಳ್ದೇ ಇದ್ದಿದ್ದಕ್ಕೆ ಯಾರೂ ಕೊಡ್ಲೂ ಇಲ್ಲ.”

ಅತ್ತೆ ಎದ್ದರು. ಹಿತ್ತಲ ಬಾಗಿಲ ಹತ್ತಿರ ಹೋಗಿ ಎಂಜಲು ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದು, ಅಮ್ಮನ ಮುಂದೆ ಕೈ ಚಾಚಿದರು. “ಸೌಟು ಕೊಡಿ, ಬೀಗ್ರೇ.”

ಊಟಕ್ಕೆ ಬಂದ ಬೀಗಿತ್ತಿ ಅರ್ಧ ಊಟದಲ್ಲಿ ಎದ್ದು ಇನ್ನೊಬ್ಬರ ಮನೆಯಲ್ಲಿ ಸೌಟು ಹಿಡಿಯುವುದೆಂದರೆ! ನಮ್ಮ ಕಡೆ ಯಾರಾದರೂ ಕೇಳಿದರೆ ಕೈಯಿಂದ ಬಾಯಿ ಮುಚ್ಚಿಕೊಂಡಾರು. ಅಮ್ಮ ಒಂದು ಗಳಿಗೆ ನಿಂತಳು. ಆಮೇಲೆ ಸೌಟು ಕೊಟ್ಟಳು. ಕೊಟ್ಟವಳೇ ಒಳಗೆ ಹೋಗಿ ನನಗೊಂದು ಬಿಸಿ ಮುದ್ದೆ ತಂದಳು. ಅತ್ತೆ ಪಾತ್ರೆಯ ತಳದಿಂದ ಬೇಳೆ ಎತ್ತಿ ನನ್ನ ಬಟ್ಟಲಿಗೆ ತುಂಬಿದರು. ತುಂಬಿ ತುಳುಕುವವರೆಗೂ ಬಡಿಸಿದರು.

“ಬಡಿಸಿದ್ದು ಪ್ರಸಾದ. ಬಿಡಂಗಿಲ್ಲ,” ಅಂದರು.

ನಾನು ಬಿಡುವವಳೇ? ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಬೇಳೆ ಬೆಣ್ಣೆಯ ಹಾಗೆ ಕರಗಿತು. ಇಷ್ಟು ವರ್ಷ ಎಷ್ಟು ಕೇಸು ಗೆದ್ದಿದ್ದೇನೋ, ಯಾವ ತೀರ್ಪು ಬಂದ ದಿನವೂ ನನಗೆ ಇಷ್ಟು ಖುಷಿಯಾಗಿದ್ದಿಲ್ಲ. ಎರಡನೇ ಬಟ್ಟಲು ನಾನೇ ಕೇಳಿದೆ. ಬೆರಳು ಚೀಪಿದೆ. ಒಂದು ಚೊಂಬು ನೀರು ಗಟಗಟ ಕುಡಿದೆ. ತಟ್ಟೆ ತೊಳೆದಷ್ಟು ಚೊಕ್ಕಟವಾಗಿತ್ತು.

ಸಂಜೆ ಮಗಳು ಎಂದಿನ ಹೊತ್ತಿಗೆ ಸರಿಯಾಗಿ ಅಳಲು ಶುರು ಮಾಡಿದಳು. ಅಮ್ಮನ ಮುಖದ ಬಣ್ಣ ಇಳಿಯಿತು. ಅಪ್ಪ ಟಿವಿಯ ಸದ್ದು ಕಡಿಮೆ ಮಾಡಿದರು. ಇನ್ನೂ ಹೊರಡದಿದ್ದ ಅತ್ತೆ ಮಗುವಿನ ಹತ್ತಿರ ಬಗ್ಗಿ, ಬಟ್ಟೆ ಮುಟ್ಟಿ ನೋಡಿ, “ಒದ್ದೆ ಬಟ್ಟೇಲಿ ಮಲಗಿಸಿದ್ರೆ ಮಗು ಹಾಡು ಹೇಳುತ್ತಾ?” ಅಂದರು. ಬಟ್ಟೆ ಬದಲಾಯಿಸಿದ್ದೇ ತಡ, ಅಳು ನಿಂತಿತು. ಅಮ್ಮ ಅಲ್ಲೇ ಕುಸಿದು ಕೂತು ನಗತೊಡಗಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಬೀಗಿತ್ತಿಯರಿಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮಾರನೆಯ ದಿನದಿಂದ ನನ್ನ ಊಟ ಎಲ್ಲರ ಜೊತೆ ಮೇಜಿನ ಮೇಲೇ ಆಯಿತು. ಆಲೂಗಡ್ಡೆ ಬಂತು, ಮೊಸರು ಬಂತು, ರಾಗಿಯ ಮೊಕದ್ದಮೆ ವಜಾ ಆಯಿತು. ಒಂಟಿಕೊಪ್ಪಲಿನಿಂದ ಕೊಬ್ಬರಿ ಚಟ್ನಿಪುಡಿಯ ಡಬ್ಬಿ ಬಂತು. ನೀರಿನ ಚೊಂಬು ಹಾಸಿಗೆಯ ಪಕ್ಕದಲ್ಲೇ ಇರುತ್ತಿತ್ತು. ಗಂಡ ಹೊಸದೊಂದು ವಿಡಿಯೋ ಕಳಿಸಿದಾಗ, ಇನ್ನೊಂದು ಕಳಿಸಿದರೆ ನಿನ್ನ ಫೋನಿಗೇ ಪಥ್ಯ ಹಾಕುತ್ತೇನೆ ಅಂದೆ. ಅವನು ಅಂದಿನಿಂದ ವಿಡಿಯೋ ಬಿಟ್ಟು ಸಂಜೆ ಬರುವಾಗ ಕಿತ್ತಳೆಹಣ್ಣು ತರತೊಡಗಿದ. ಅಪ್ಪನ ಉಪ್ಪು ಅರಿಶಿನದ ನೀರನ್ನು ಮಾತ್ರ ಯಾರೂ ನಿಲ್ಲಿಸಲಿಲ್ಲ. ಚೆನ್ನಾಗಿ ತೊಳೆದದ್ದರಿಂದ ಯಾರಿಗೂ ನಷ್ಟವಿಲ್ಲ, ಅವರಿಗೂ ಹೊತ್ತು ಹೋಗುತ್ತಿತ್ತು.

ಮಗಳು ಈಗ ಎದೆಗೆ ಬಂದರೆ ಗುಟುಕು ಗುಟುಕಾಗಿ ಕುಡಿಯುವುದು ಕೇಳಿಸುತ್ತಿತ್ತು. ಕುಡಿದು, ಬಾಯಿ ಓರೆ ಮಾಡಿ, ಮುಷ್ಟಿ ಸಡಿಲಿಸಿ ನಿದ್ದೆ ಹೋಗುತ್ತಿದ್ದಳು. ಆದರೂ ಡಾಕ್ಟರ ಹತ್ತಿರ ಹೋಗುವ ದಿನ ನನಗೆ ಧೈರ್ಯವಿರಲಿಲ್ಲ. ಬೀಗಿತ್ತಿಯರಿಬ್ಬರೂ ಜೊತೆಗೆ ಬಂದರು. ಒಬ್ಬರೇ ಒಳಗೆ ಬನ್ನಿ ಅಂತ ನರ್ಸು ಹೇಳಿದ್ದನ್ನು ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಡಾಕ್ಟರು ಮಗಳನ್ನು ತೂಕದ ತಟ್ಟೆಯಲ್ಲಿ ಮಲಗಿಸಿದರು. ಎತ್ತಿ ಇನ್ನೊಮ್ಮೆ ಮಲಗಿಸಿದರು. ಆಮೇಲೆ ಅವರು ನಕ್ಕರು.

“ನಂಬಿಕೆ ಬರ್ಲಿಲ್ಲ, ಅದಕ್ಕೆ ಎರಡು ಸಲ ನೋಡಿದೆ. ಚೆನ್ನಾಗಿ ಏರಿದೆ. ಮೇಲಿನ ಹಾಲಿನ ಮಾತೇ ಬೇಡ. ಏನು ಕೊಟ್ರಿ ಇವಳಮ್ಮಂಗೆ?”

“ಎಲ್ಲಾ!” ಅಂದರು ಇಬ್ಬರೂ ಒಟ್ಟಿಗೆ.

ಅದು ಬೇಳೆಯ ಮಹಿಮೆಯೋ, ನೀರಿನದೋ, ಹೊಟ್ಟೆ ತುಂಬಿ ಬಂದ ನಿದ್ದೆಯದೋ ನನಗೆ ಗೊತ್ತಿಲ್ಲ. ಡಾಕ್ಟರನ್ನು ಕೇಳಲೂ ಇಲ್ಲ. ಮಗಳನ್ನು ಎತ್ತಿಕೊಂಡಾಗ ತೋಳಿಗೆ ಭಾರ ಗೊತ್ತಾಗುತ್ತಿತ್ತು, ನನಗೆ ಅಷ್ಟು ಸಾಕಾಗಿತ್ತು. ಕಾರಿಡಾರಿನಲ್ಲಿ ಅತ್ತೆ ಮಗುವನ್ನು ಎತ್ತಿಕೊಂಡು ಕೂತಿದ್ದವರಿಗೆಲ್ಲ ತೋರಿಸುತ್ತಾ ನಡೆದರು. ಅಮ್ಮ ಹಿಂದೆ ಹಿಂದೆ ದೃಷ್ಟಿಯಾಗುತ್ತೆ ಅಂತ ಗೊಣಗುತ್ತಾ ಹೋದಳು.

ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಅಪ್ಪ ಬೆಳಿಗ್ಗೆಯೇ ಅವರೆಬೇಳೆ ಹಿತುಕಿ ಇಟ್ಟಿದ್ದರು. ಸಾರು ಕುದಿಯುವ ಹೊತ್ತಿಗೆ ಎದುರುಮನೆಯ ಆಂಟಿ ಬಂದರು. ನನ್ನ ಬಟ್ಟಲು ನೋಡಿ ಅವರ ಹುಬ್ಬು ಮೇಲೇರಿತು.

“ಅವರೆಕಾಯಾ! ಅಲ್ಲ ಕಣ್ರೀ, ಬಾಣಂತೀಗೆ ಯಾರಾದ್ರೂ ಇದನ್ನ ಕೊಡ್ತಾರಾ?”

ಅತ್ತೆ ಬಾಯಿ ತೆರೆದರು. ಆದರೆ ಅವರಿಗಿಂತ ಮುಂಚೆ ಅಮ್ಮ ಮಾತಾಡಿದಳು. ಹುಟ್ಟಿದಾಗಿನಿಂದ ನೆರೆಹೊರೆಯವರಿಗೆ ಒಂದು ಎದುರುಮಾತು ಆಡದ ನನ್ನ ಅಮ್ಮ.

“ನಾವು ಕೊಡ್ತೀವಿ ಕಣ್ರೀ,” ಅಂದಳು. “ಕೂತ್ಕೊಳ್ಳಿ, ನಿಮಗೂ ಬಡಿಸ್ತೀನಿ.”

ಆಂಟಿ ಬೇಡ ಬೇಡ ಅನ್ನುವಷ್ಟರಲ್ಲಿ ಅತ್ತೆ ಬಟ್ಟಲು ತಂದಿಟ್ಟರು, ಅಮ್ಮ ಸಾರು ತುಂಬಿದಳು. ಆಂಟಿ ಒಂದು ತುತ್ತು ಬಾಯಿಗಿಟ್ಟರು. ಬಟ್ಟಲು ಖಾಲಿಯಾದಾಗ ಅವರೇ ಅದನ್ನು ಅಮ್ಮನ ಕಡೆ ಸ್ವಲ್ಪ ಮುಂದಕ್ಕೆ ತಳ್ಳಿದರು.